ಬಿಳಿಕುದುರೆ ಘಟ್ಟದ ಹೇರು

ಗೆಲೆಕ್ ಘಟ್ಟ ಇಳಿದು ಬಂದಾಗ ಜಿನ್‌ಗ್ವೇ ನದಿ ದಂಡೆಯ ಹೊಲದಲ್ಲಿ ನೇಗಿಲು ಹಿಡಿದಿದ್ದಳು. ಮುಂದೆ ನಿಂತು ಎತ್ತುಗಳನ್ನು ಎಳೆಯುತ್ತಿದ್ದವಳು ಪಕ್ಕದ ಮನೆಯ ಶಿಯಿಂಗ್. ಅವಳೇ ಅವನನ್ನು ಮೊದಲು ನೋಡಿದ್ದು.

"ಯಾರೋ ಕುಡಿದು ಬರ್ತಿದಾನೆ ನೋಡೇ, ಇಷ್ಟು ಹೊತ್ತಿಗೇ," ಎಂದಳು.

ಅದು ಕುಡಿದವನ ನಡಿಗೆಯಾಗಿರಲಿಲ್ಲ. ಹತ್ತಿರ ಬಂದ ಮೇಲೆ ಕಂಡಿತು: ಎರಡೂ ಪಾದಕ್ಕೆ ಕಂಬಳಿಯ ಚೂರು ಸುತ್ತಿಕೊಂಡಿದ್ದ, ಮುಖದ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದುಬಂದಿತ್ತು. ಗೆಲೆಕ್ ಟಿಬೆಟ್ಟಿನವನು. ಜಿನ್‌ಗ್ವೇಯ ಗಂಡನ ಅಣ್ಣ ವೂಶಾನನ ತಂಡದಲ್ಲಿ ಹೇರಿನ ಹೇಸರಗತ್ತೆ ಹೊಡೆಯುತ್ತ ಅರ್ಧ ಆಯುಷ್ಯ ಕಳೆದವನು. ಅವನು ಬಂದನೆಂದರೆ ಅವನಿಗಿಂತ ಮುಂಚೆ ಗಂಟೆಗಳ ಸದ್ದು ಬರಬೇಕು. ಈವತ್ತು ಸದ್ದಿರಲಿಲ್ಲ. ಜಿನ್‌ಗ್ವೇ ನೇಗಿಲನ್ನು ಅಲ್ಲೇ ಬಿಟ್ಟು ಓಡಿದಳು.

"ಭಾವ ಎಲ್ಲಿ?"

"ಬದುಕಿದಾರೆ," ಎಂದು ಗೆಲೆಕ್ ಬದುವಿನ ಮೇಲೆ ಕುಸಿದು ಕೂತ. "ಮೊದಲು ಏನಾದ್ರೂ ಬಿಸಿಬಿಸಿ ಕೊಡಿ ಅಕ್ಕ. ಆಮೇಲೆ ಎಲ್ಲ ಕೇಳಿ."

ಅವನನ್ನು ಇಬ್ಬರೂ ಹೆಗಲು ಕೊಟ್ಟು ಮನೆಗೆ ತಂದರು. ಜಿನ್‌ಗ್ವೇಯ ಅತ್ತೆ ಒಲೆಯ ಮುಂದೆ ಕೂತಿದ್ದಳು. ಅವಳು ಏನೊಂದೂ ಕೇಳದೆ ಬೆಣ್ಣೆ ಚಹದ ಬಟ್ಟಲನ್ನು ಅವನ ಕೈಗಿಟ್ಟಳು. ಅವನ ಬೆರಳು ಮಡಚಲಾಗದ್ದನ್ನು ಕಂಡು ತಾನೇ ಕುಡಿಸಿದಳು. ಮೂರು ಬಟ್ಟಲು ಹೊಟ್ಟೆಗಿಳಿದ ಮೇಲೆ ಅವನು ಹೇಳಿದ.

ಜಪಾನಿನವರು ಬರ್ಮಾ ಹಿಡಿದು ಮೋಟಾರು ರಸ್ತೆಯನ್ನು ಕಡಿದ ಮೇಲೆ, ಹಿಂದೆ ಲಾರಿಗಳಲ್ಲಿ ಬರುತ್ತಿದ್ದದ್ದರಲ್ಲಿ ಎಷ್ಟೋ ಸಾಮಾನು ಈಗ ಹೇಸರಗತ್ತೆಗಳ ಬೆನ್ನಮೇಲೆ ಬರುತ್ತಿತ್ತು. ಕಾಲಿಂಪಾಂಗಿನಲ್ಲಿ ಹೇರಿದ್ದು ಲಾಸಾ ಕಂಡು, ಅಲ್ಲಿಂದ ಪೂರ್ವಕ್ಕೆ ತಿರುಗಿ, ಕೊನೆಗೆ ಈ ಬಿಳಿಕುದುರೆ ಘಟ್ಟ ಹತ್ತಿ ಇಳಿದು ಲಿಜಿಯಾಂಗ್ ಪೇಟೆ ಸೇರಬೇಕು. ವೂಶಾನನ ತಂಡ ಈ ಸಲ ಹೊತ್ತಿದ್ದು ಸೈನ್ಯದ ಆಸ್ಪತ್ರೆಯ ಸಾಮಾನು. ಗಾಯಕ್ಕೆ ಹಾಕುವ ಪುಡಿ, ಜ್ವರದ ಮಾತ್ರೆ, ಪಟ್ಟಿ ಕಟ್ಟುವ ಬಟ್ಟೆ, ವೈದ್ಯರ ಕತ್ತರಿ ಚಾಕು. ಘಟ್ಟದ ನೆತ್ತಿ ದಾಟಿ ಈಚೆಗೆ ಇಳಿಯುವಾಗ ಹಿಮ ಹಿಡಿಯಿತು. ಗೋಧಿ ತೆನೆ ಕಟ್ಟುವ ಕಾಲದಲ್ಲಿ ಅಂಥ ಹಿಮವನ್ನು ಗೆಲೆಕ್ ಕಂಡೇ ಇರಲಿಲ್ಲ. ಹೇಸರಗತ್ತೆಗಳು ಮೇವಿಲ್ಲದೆ ನಿಂತಲ್ಲೇ ಬಿದ್ದವು. ಉಳಿದ ಹೇರನ್ನು ಗಂಡಸರು ಕೈಯಾರೆ ಎಳೆದು ಕುರುಬರ ಬೇಸಿಗೆ ಗುಡಿಸಲಿಗೆ ತುಂಬಿದರು. ಒಂದು ಹೇಸರಗತ್ತೆ ವೂಶಾನನ ಕಾಲಿನ ಮೇಲೆ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿಯಿತು.

"ಕಣ್ಣೂ ಹೋಗಿದೆ," ಎಂದ ಗೆಲೆಕ್. "ಹಿಮ ಕುಡಿದ ಕಣ್ಣು. ಕತ್ತಲಲ್ಲಿ ಇಟ್ರೆ ಬರುತ್ತೆ. ಆದ್ರೆ ಮಲಗ್ಬೇಕಲ್ಲ. ಬಾಗಿಲಿಗೆ ಒರಗಿ ಪೆಟ್ಟಿಗೆ ಕಾಯ್ತಾ ಕೂತಿದಾರೆ, ಯಾರೋ ಕದಿಯೋಕೆ ಬರ್ತಾರೆ ಅನ್ನೋ ಹಾಗೆ. ಜೊತೆಗೆ ಇನ್ನೂ ನಾಲ್ಕು ಜನ ಇದಾರೆ. ಹಿಟ್ಟು ಮುಗೀತಾ ಬಂತು."

ಅತ್ತೆ ಒಲೆಯ ಕೆಂಡವನ್ನು ಕೆದಕಿದಳು. "ಅವನ ಕಾಲು ಮುರಿದಿದ್ದಕ್ಕೆ ನಂಗೆ ಆಶ್ಚರ್ಯ ಇಲ್ಲ," ಎಂದಳು. "ನಾಲಿಗೆ ಮುರೀಲಿಲ್ವಲ್ಲ, ಅದೇ ಆಶ್ಚರ್ಯ." ಹಾಗೆಂದವಳೇ ಮುಖ ತಿರುಗಿಸಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಊರಿನಲ್ಲಿ ಹೇಸರಗತ್ತೆ ಎಂಬುದೊಂದು ಉಳಿದಿರಲಿಲ್ಲ. ಸೈನ್ಯ ನೂ ನದಿಯ ಕಡೆಗೆ ಎಲ್ಲವನ್ನೂ ಹೊಡೆದುಕೊಂಡು ಹೋಗಿತ್ತು. ಗಂಡಸರೂ ಅದೇ ದಾರಿ ಹಿಡಿದಿದ್ದರು. ಜಿನ್‌ಗ್ವೇಯ ಗಂಡ ಲೀಬೆನ್ ಅಲ್ಲೇ ಇದ್ದ. ನದಿಯ ಆ ದಡದಲ್ಲಿ ಜಪಾನಿನವರು, ಈ ದಡದಲ್ಲಿ ಇವರು. ಸುಗ್ಗಿಯಲ್ಲಿ ಊರ ಮೇಲೆ ಹಾದುಹೋದ ಕುಂಟ ಸಿಪಾಯಿಯೊಬ್ಬ, "ಲೀಬೆನ್‌ನ ಕಂಡಿದ್ದೆ, ಗುಂಡೇಟೇನೂ ಇಲ್ಲ, ಚಳಿಜ್ವರ ಮಾತ್ರ. ಅಲ್ಲಿ ಗುಂಡಿಗಿಂತ ಜ್ವರಾನೇ ಜಾಸ್ತಿ ಜನರನ್ನ ತಿಂತಿರೋದು," ಎಂದು ಹೇಳಿದ್ದ. ಆಮೇಲೆ ಸುದ್ದಿಯೇ ಇಲ್ಲ.

ಜಿನ್‌ಗ್ವೇ ಗೆಲೆಕ್‌ನನ್ನೇ ನೋಡುತ್ತಿದ್ದಳು. "ಜ್ವರದ ಮಾತ್ರೆ ಅಂದ್ಯಲ್ಲ. ಎಷ್ಟಿದೆ?"

"ಪೆಟ್ಟಿಗೆಗಟ್ಟಲೆ."

"ಒಂದು ಪೆಟ್ಟಿಗೆ ಎಷ್ಟು ತೂಕ ಬರುತ್ತೆ?"

ಗೆಲೆಕ್ ತಲೆ ಎತ್ತಿದ. ಅವಳೇಕೆ ಕೇಳುತ್ತಿದ್ದಾಳೆಂದು ಅವನಿಗೆ ಆಗ ಹೊಳೆಯಿತು. "ನೀವು ಗದ್ದೆಗೆ ಹೊರೋ ಗೊಬ್ಬರದ ಬುಟ್ಟಿಯಷ್ಟು," ಎಂದ.

"ಹಾಗಾದ್ರೆ ಏನು ಮಹಾ," ಎಂದಳು ಜಿನ್‌ಗ್ವೇ.

ಆ ಸಂಜೆಗೆ ಮುಂಚೆಯೇ ಊರು ಅಕ್ರೋಟು ಮರದ ಕೆಳಗೆ ಸೇರಿತು. ಸೇರಿದವರೆಲ್ಲ ಹೆಂಗಸರು ಮತ್ತು ಮುದುಕರು. ಊರ ಪುರೋಹಿತ ಒಳ್ಳೆಯ ಮನುಷ್ಯ. ಎಲ್ಲರ ಮನೆಯ ಸಾವು ಮದುವೆಗಳನ್ನು ನಡೆಸಿದವನು. ಆದರೆ ಅವನು ತಲೆಯಾಡಿಸಿದ.

"ಹೇರಿನ ದಾರಿ ಗಂಡಸರ ದಾರಿ ಕಣಮ್ಮ. ಹೆಂಗಸರು ಹೇರಿನ ಮುಂದೆ ನಡೆದ್ರೆ ಬೆಟ್ಟದ ದೇವರಿಗೆ ಆಗಲ್ಲ. ಇದು ನಾನು ಮಾಡಿದ ಮಾತಲ್ಲ."

ಆ ಮಾತು ಜಿನ್‌ಗ್ವೇಗೆ ಹೊಸದಲ್ಲ. ಮದುವೆಯಾಗಿ ಬಂದ ವರ್ಷ, ಓಡುತ್ತಿದ್ದ ಕೋಳಿಯನ್ನು ಹಿಡಿಯಲು ಹೋಗಿ, ಅಂಗಳದಲ್ಲಿ ಬಿದ್ದಿದ್ದ ಹೇರಿನ ಜೀನೊಂದನ್ನು ಅವಳು ದಾಟಿಬಿಟ್ಟಿದ್ದಳು. ಹೆಂಗಸು ದಾಟಿದ ಜೀನು ಹೊತ್ತ ಪ್ರಾಣಿ ಮನೆಗೆ ಬರುವುದಿಲ್ಲವೆಂದು ಹೇರಿನವರ ನಂಬಿಕೆ. ವೂಶಾನ್ ಅದಕ್ಕೆ ಮೂರು ಸಲ ಶುದ್ಧಿಯ ಹೊಗೆ ಹಾಕಿಸಿದ. ಆದರೂ ಆ ಮಳೆಗಾಲದಲ್ಲಿ ಎರಡು ಹೇಸರಗತ್ತೆ ನದಿ ಪಾಲಾದವು. ಅಂದಿನಿಂದ ಅವನು ಜಿನ್‌ಗ್ವೇಯ ಹತ್ತಿರ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದ. ಒಂದೇ ಅಂಗಳ, ಒಂದೇ ಒಲೆ. ಆದರೂ ಉಪ್ಪು ಬೇಕಾದರೆ, "ಅಮ್ಮ, ನಿನ್ನ ಸೊಸೆಗೆ ಹೇಳು, ಉಪ್ಪು ಸಾಲ್ದು," ಎನ್ನುತ್ತಿದ್ದ. ಅವಳು ಪಕ್ಕದಲ್ಲೇ ಸೌಟು ಹಿಡಿದು ನಿಂತಿರುತ್ತಿದ್ದಳು.

ಅತ್ತೆ ಕೋಲೂರಿ ಎದ್ದಳು. "ಬೆಟ್ಟದ ದೇವರಿಗೂ ಒಬ್ಬಳು ತಾಯಿ ಇದ್ದಿರಬೇಕಲ್ಲ ಪುರೋಹಿತರೇ," ಎಂದಳು. "ಅವಳ ಹತ್ರ ನಾನು ಮಾತಾಡ್ತೀನಿ. ನಂಗೆ ಅಲ್ಲಿಗೆ ಹೋಗೋ ವಯಸ್ಸು ಹೇಗೂ ಬಂತು. ನೀವು ಜುನಿಪರ್ ಸೊಪ್ಪಿಗೆ ಬೆಂಕಿ ಹಾಕಿ, ಹೊಗೆ ಎಬ್ಬಿಸಿ. ಹೋಗೋರು ಹೋಗ್ಲಿ."

ಪುರೋಹಿತ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಅವನ ಇಬ್ಬರು ಮೊಮ್ಮಕ್ಕಳು ನೂ ನದಿಯ ದಡದ ಸೈನ್ಯದಲ್ಲೇ ಇದ್ದರು. ಕೊನೆಗೆ ಎದ್ದು ಸೊಪ್ಪು ತರಲು ಹೋದ.

ಮಾರನೆ ಬೆಳಗ್ಗೆ ಹೊರಟವರು ಆ ಊರಿನವರೂ ನದಿಯಾಚೆಯ ಊರಿನವರೂ ಸೇರಿ ನಲವತ್ತು ಹೆಂಗಸರು. ಎಲ್ಲರ ಬೆನ್ನಿಗೂ ಕುರಿಚರ್ಮದ ಹೊದಿಕೆ, ಎಲ್ಲರ ಹೆಗಲಲ್ಲೂ ಹೊರೆ ಕಟ್ಟುವ ಪಟ್ಟಿ. ಹುಟ್ಟಿದಾಗಿನಿಂದ ಸೌದೆ, ನೀರು, ಗೊಬ್ಬರ, ಮಗು ಎಲ್ಲವನ್ನೂ ಹೊತ್ತ ಬೆನ್ನುಗಳು ಅವು. ಗೆಲೆಕ್ ಬರುತ್ತೇನೆಂದು ಹಟ ಹಿಡಿದ. ಅತ್ತೆ ಅವನ ಕಂಬಳಿಯ ಪಾದಗಳನ್ನು ಕೋಲಿನಿಂದ ಮುಟ್ಟಿದಳಷ್ಟೆ, ಅವನು ಚೀರಿ ಮಲಗಿದ.

"ಬುಟ್ಟಿ ಖಾಲಿ ಹೊತ್ಕೊಂಡು ಹೋಗ್ತೀರಾ?" ಎಂದಳು ಅತ್ತೆ ಜಿನ್‌ಗ್ವೇಗೆ. "ಮೇಲೆ ನೋರ್ಜೋಮ್ ಇದಾಳೆ. ಅವಳ ಚಮರಿ ಇಲ್ದೆ ಹಿಮದಲ್ಲಿ ದಾರಿ ಬಿಡಿಸೋಕಾಗಲ್ಲ. ಕೇಳೋಕೆ ಹೋಗೋರು ಕೈ ಬೀಸ್ಕೊಂಡು ಹೋಗಬಾರ್ದು."

ಹಾಗಾಗಿ ಬುಟ್ಟಿಗಳಲ್ಲಿ ಒಣ ಹುಲ್ಲು, ಗೆಡ್ಡೆ, ಹುರುಳಿ ತುಂಬಿಕೊಂಡು ಹೋದರು. ಅದರ ಮೇಲೆ ತಮಗೆಂದು ದಪ್ಪ ಗೋಧಿರೊಟ್ಟಿ, ಉಪ್ಪು ಹಾಕಿದ ಹಂದಿಮಾಂಸ.

ಪೈನ್ ಕಾಡು ಮುಗಿಯುವಲ್ಲಿ, ಹಿಮ ಶುರುವಾಗುವಲ್ಲಿ, ನೋರ್ಜೋಮಳ ಕಲ್ಲುಮನೆ. ಅವಳು ಟಿಬೆಟ್ಟಿನ ಚಮರಿ ಸಾಕುವ ವಿಧವೆ. ನಲವತ್ತು ಹೆಂಗಸರು ಸಾಲಾಗಿ ಹತ್ತಿ ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದವರಿಗೆ ಮೊದಲ ಮಾತೇ, "ಚಮರಿ ಕೊಡಲ್ಲ," ಎಂದಳು.

"ಇನ್ನೂ ನಾವು ಕೇಳೇ ಇಲ್ಲ," ಎಂದಳು ಶಿಯಿಂಗ್.

"ಇಷ್ಟು ಜನ ನನ್ನ ಮುಖ ನೋಡೋಕೆ ಬಂದಿಲ್ಲ ಅಂತ ಗೊತ್ತು. ಚಳಿಗಾಲ ಕಳೆದು ಅವುಗಳ ಪಕ್ಕೆಮೂಳೆ ಎದ್ದಿದೆ. ಹೊಸ ಹುಲ್ಲು ಬರೋವರೆಗೂ ಒಂದು ಚೀಲಾನೂ ಹೇರಲ್ಲ."

"ಹೇರೋದು ಬೇಡ," ಎಂದಳು ಜಿನ್‌ಗ್ವೇ. "ಬರಿಮೈಯಲ್ಲಿ ಮುಂದೆ ನಡೆದ್ರೆ ಸಾಕು, ಹಿಮ ತುಳೀಲಿ. ಹೊರೋದು ನಾವು ಹೊರ್ತೀವಿ."

"ಬರಿಮೈಯಲ್ಲಿ ಎದೆಮಟ್ಟದ ಹಿಮ ಸೀಳೋದು ಅಂದ್ರೆ ನಿನಗೆ ಆಟವಾ?"

ಜಿನ್‌ಗ್ವೇ ಮಾತು ಬೆಳೆಸಲಿಲ್ಲ. ಬುಟ್ಟಿಯನ್ನು ಇಳಿಸಿ ಹುಲ್ಲನ್ನು ಅಂಗಳಕ್ಕೆ ಸುರಿದಳು. ಅವಳ ಹಿಂದೆ ಶಿಯಿಂಗ್ ಗೆಡ್ಡೆ ಸುರಿದಳು. ಒಬ್ಬೊಬ್ಬರಾಗಿ ಎಲ್ಲರೂ ಸುರಿದರು. ಹುಲ್ಲಿನ ರಾಶಿ ನೋರ್ಜೋಮಳ ಸೊಂಟಕ್ಕೆ ಬಂತು. ಗೋಡೆಯಾಚೆ ಚಮರಿಗಳು ವಾಸನೆ ಹಿಡಿದು ಗುಟುರು ಹಾಕತೊಡಗಿದವು. ನೋರ್ಜೋಮ್ ಬಗ್ಗಿ ಒಂದು ಹಿಡಿ ಹುರುಳಿಯನ್ನು ಎತ್ತಿಕೊಂಡು ಬಾಯಿಗೆ ಹಾಕಿ ಅಗಿದಳು.

"ಕೊಡೋದಿಲ್ಲ ಅಂದ್ರೆ ಇದನ್ನ ವಾಪಸ್ ತುಂಬ್ಕೊಂಡು ಹೋಗ್ತೀರಾ?"

"ಇಲ್ಲ," ಎಂದಳು ಜಿನ್‌ಗ್ವೇ. "ಯಾವ ಮುಖ ಇಟ್ಕೊಂಡು ವಾಪಸ್ ಹೊರೋದು. ಇಲ್ಲೇ ಇರ್ಲಿ."

ನೋರ್ಜೋಮ್ ಬಹಳ ಹೊತ್ತು ಅಗಿದಳು. ಆಮೇಲೆ ಒಳಗೆ ಹೋಗಿ ಒಂದು ತೋಳಿನ ತುಂಬ ಚಮರಿ ಕೂದಲಿನ ಜಾಲರಿಗಳನ್ನು ತಂದಳು. "ಎಲ್ಲರೂ ಕಣ್ಣಿಗೆ ಇದನ್ನ ಕಟ್ಕೊಳ್ಳಿ. ಸಾಲ್ದಿದ್ರೆ ಮಸಿ ಬಳ್ಕೊಳ್ಳಿ. ಕುರುಡು ಹೆಂಗಸರನ್ನ ಕೈಹಿಡಿದು ಇಳಿಸೋಕೆ ನಂಗೆ ಪುರುಸೊತ್ತಿಲ್ಲ. ಚಮರಿಗಳು ನನ್ನ ಮಾತು ಮಾತ್ರ ಕೇಳ್ತವೆ. ನಾನೂ ಬರ್ತೀನಿ."

ಆರು ಚಮರಿಗಳು ಮುಂದೆ. ಮೂತಿ ತಗ್ಗಿಸಿ, ಎದೆಯಿಂದ ಹಿಮವನ್ನು ನೂಕುತ್ತ, ಉಬ್ಬಸ ಬಿಡುತ್ತ ಅವು ಸಾಗಿದವು. ಮುಂದಿನದು ದಣಿದರೆ ನೋರ್ಜೋಮ್ ಸಿಳ್ಳೆ ಹಾಕುವಳು, ಅದು ಪಕ್ಕಕ್ಕೆ ಸರಿದು ಹಿಂದಿನದು ಮುಂದೆ ಬರುವುದು. ಅವುಗಳ ಹಿಂದೆ ಹೆಂಗಸರು ಸಾಲಾಗಿ ಹಿಮ ತುಳಿದು ಗಟ್ಟಿ ಮಾಡಿದರು, ಹಿಂದಿರುಗುವಾಗ ಹೊರೆ ಇರುತ್ತದಲ್ಲ. ಉಸಿರು ಸಾಲದೆ ಮಾತು ನಿಂತಿತ್ತು. ಶಿಯಿಂಗ್ ಒಬ್ಬಳು ಮಾತ್ರ ನಡುನಡುವೆ, "ನನ್ನ ಅತ್ತೆ ಹೇಳ್ತಿದ್ಲು, ಈ ಸೊಸೆ ಉದ್ಧಾರ ಆಗಲ್ಲ ಅಂತ. ನೋಡಿ, ಎಷ್ಟು ಮೇಲೆ ಬಂದಿದೀನಿ," ಎಂದು ನಗಿಸುತ್ತಿದ್ದಳು.

ಗುಡಿಸಲು ಕಂಡಾಗ ಬಿಸಿಲು ಇಳಿಯುತ್ತಿತ್ತು. ಬಾಗಿಲಿಗೆ ಒರಗಿ ಒಬ್ಬ ಮನುಷ್ಯ ಕೂತಿದ್ದ. ಕಣ್ಣಿಗೆ ಬಟ್ಟೆ, ಒಂದು ಕಾಲು ನೆಟ್ಟಗೆ ಮುಂದೆ ಚಾಚಿದೆ, ತೊಡೆಯ ಮೇಲೆ ಹಳೆಯ ಬಂದೂಕು.

"ಯಾರದು?" ಎಂದ ವೂಶಾನ್.

"ನಾವು, ಭಾವ."

ಅವನು ತಲೆಯನ್ನು ಓರೆ ಮಾಡಿ ಕೇಳಿದ. ಹಿಮದಲ್ಲಿ ಬಹಳ ಕಾಲುಗಳ ಸದ್ದು. "ಹೇಸರಗತ್ತೆ ಎಷ್ಟು ತಂದ್ರಿ?" ಎಂದ. ಯಾರನ್ನು ಕೇಳುತ್ತಿದ್ದಾನೆಂದು ಸ್ಪಷ್ಟವಿರಲಿಲ್ಲ. ಮಾತು ದಾಟಿಸಲು ಅಮ್ಮ ಅಲ್ಲಿ ಇರಲಿಲ್ಲವಲ್ಲ.

"ಒಂದೂ ಇಲ್ಲ."

"ಮತ್ತೆ ಗಂಡಸರು?"

"ಅವರೂ ಇಲ್ಲ."

ವೂಶಾನನ ಗಡ್ಡದಲ್ಲಿ ಮಂಜು ಹೆಪ್ಪುಗಟ್ಟಿತ್ತು. ಜಿನ್‌ಗ್ವೇ ಅವನನ್ನು ದಾಟಿ ಒಳಗೆ ಬಗ್ಗಿ ನೋಡಿದಳು. ನಾಲ್ಕು ಗಂಡಸರು ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ಗೋಡೆಯ ಉದ್ದಕ್ಕೂ ಪೆಟ್ಟಿಗೆಗಳು, ಬಟ್ಟೆಯ ಮೂಟೆಗಳು. ಒಂದರ ಹಗ್ಗವನ್ನೂ ಬಿಚ್ಚಿರಲಿಲ್ಲ. ಹತ್ತಿಬಟ್ಟೆಯ ಮೂಟೆಗಳಿಗೆ ಬೆನ್ನು ಕೊಟ್ಟು ಅವರು ಚಳಿಯಲ್ಲಿ ನಡುಗಿದ್ದರು. ನಡುವೆ ಬೂದಿಯ ಗುಡ್ಡೆ. ಆ ಬೂದಿಯಲ್ಲಿ ಅರ್ಧ ಸುಟ್ಟ ಬಾಗಿದ ಮರದ ತುಂಡು, ತುಂಡಿಗೆ ಹಿತ್ತಾಳೆಯ ಮೊಳೆ.

ಅದೇನೆಂದು ಗೊತ್ತಾಗಲು ಅವಳಿಗೆ ಎರಡು ಉಸಿರು ಬೇಕಾಯಿತು. "ಭಾವ, ಜೀನು ಎಲ್ಲ ಎಲ್ಲಿ?"

"ಒಲೆಗೆ ಹೋದ್ವು," ಎಂದ ವೂಶಾನ್ ಗೋಡೆಯ ಕಡೆ ತಿರುಗಿ. "ಜನ ಸಾಯ್ತಿದ್ರು. ಇನ್ನೇನು ಮಾಡ್ಲಿ." ಸ್ವಲ್ಪ ತಡೆದು, "ಎರಡು ಹಲಗೆ ಉಳಿದಿದೆ, ನನ್ನ ಕಾಲಿಗೆ ಕಟ್ಟಿದೆ," ಎಂದ.

ಜಿನ್‌ಗ್ವೇಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಶಿಯಿಂಗ್ ಅವಳ ಮುಖ ನೋಡಿ ತಾನೂ ನಕ್ಕಳು. ಕತೆ ಗೊತ್ತಿದ್ದವರೆಲ್ಲ ನಕ್ಕರು, ಗೊತ್ತಿಲ್ಲದ ನದಿಯಾಚೆಯವರು ಕೇಳಿ ತಿಳಿದುಕೊಂಡು ನಕ್ಕರು. ಮಲಗಿದ್ದ ನಾಲ್ವರೂ ಎದ್ದು ಕೂತರು. ವೂಶಾನ್ ಬಾಯಿ ಬಿಗಿದು ಕೂತಿದ್ದ. ಕೊನೆಗೆ ಅವನ ಗಡ್ಡದ ಮಂಜು ಉದುರಿತು, ಅಂದರೆ ಅವನೂ ನಕ್ಕಿದ್ದ.

ಆ ಗುಡಿಸಲಿನಲ್ಲಿ ಎಲ್ಲರೂ ಒತ್ತೊತ್ತಾಗಿ ಕೂತು ಬೆಳಗು ಮಾಡಿದರು. ಹೊರಗೆ ಬೆಳಕು ಹರಿಯುತ್ತಲೇ ಹೊರೆ ಕಟ್ಟಿದರು. ನಾಲ್ಕು ಗಂಡಸರು ಚಮರಿಗಳ ಮೇಲೆ. ನೋರ್ಜೋಮ್ ಗೊಣಗಿದರೂ ತಾನೇ ಎತ್ತಿ ಕೂರಿಸಿದಳು. ಹಲಗೆ ಕಟ್ಟಿದ ಕಾಲಿನ ವೂಶಾನ್ ಚಮರಿಯ ಮೇಲೆ ಕೂರುವಂತಿರಲಿಲ್ಲ. ಜಿನ್‌ಗ್ವೇ ತನ್ನ ಪೆಟ್ಟಿಗೆಯನ್ನು ಗಟ್ಟಿಮುಟ್ಟಾದ ಒಬ್ಬಳಿಗೆ ಒಪ್ಪಿಸಿ, ಬುಟ್ಟಿಯ ಒಂದು ಪಕ್ಕವನ್ನು ಕೊಯ್ದು ಕುರ್ಚಿಯಂತೆ ಮಾಡಿ, ಅವನ ಮುಂದೆ ಬೆನ್ನು ತಿರುಗಿಸಿ ಕೂತಳು.

"ಹತ್ತಿ, ಭಾವ."

"ನಾನು ಇಲ್ಲೇ ಇರ್ತೀನಿ. ಮೊದಲು ಪೆಟ್ಟಿಗೆ ಇಳಿಸಿ."

"ಪೆಟ್ಟಿಗೆ ಹೊರೋಕೆ ಜನ ಇದಾರೆ. ನಿಮ್ಮನ್ನ ಹೊರೋಕೆ ನಾನೊಬ್ಬಳೇ ಬಂದಿರೋದು. ನಿಮ್ಮಮ್ಮ ಹೇಳಿ ಕಳ್ಸಿದಾರೆ, ಬೈಯೋಕಾದ್ರೂ ಮಗ ಬೇಕು ಅಂತ."

ನಾಲ್ವರು ಹೆಂಗಸರು ಸೇರಿ ಅವನನ್ನು ಬುಟ್ಟಿಯಲ್ಲಿ ಕೂರಿಸಿದರು. ಬೆನ್ನಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ಜಿನ್‌ಗ್ವೇ ಹಣೆಗೆ ಪಟ್ಟಿ ಹಾಕಿಕೊಂಡು ಎದ್ದಳು. ಮೊದಲ ಹೆಜ್ಜೆ ಪಕ್ಕಕ್ಕೆ ವಾಲಿತು, ಎರಡನೆಯದು ಹಿಡಿತಕ್ಕೆ ಬಂತು.

ಇಳಿಜಾರಿನ ನಡುವೆ ಒಂದು ಸೀಳು, ಹಿಮ ತುಂಬಿದ ಕಡಿದಾದ ಕೊರಕಲು, ಅಡ್ಡ ಬರುತ್ತಿತ್ತು. ಮೇಲೆ ನೆತ್ತಿಯವರೆಗೂ ಹೊಸ ಹಿಮ ಜೋತುಬಿದ್ದಿತ್ತು. ಬಿಸಿಲು ತಾಗಿದರೆ ಅದು ಜಾರುತ್ತದೆ. ನೋರ್ಜೋಮ್ ಮೊದಲು ಚಮರಿಗಳನ್ನು ಒಂದೊಂದಾಗಿ ದಾಟಿಸಿದಳು. ಆಮೇಲೆ ಕೈಯೆತ್ತಿ ಹೆಂಗಸರನ್ನು ಕರೆದಳು. ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಒಬ್ಬರು ಆ ಬದಿ ಸೇರಿದ ಮೇಲೆ ಇನ್ನೊಬ್ಬರು.

ಹೊರೆ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ದಾಟಿದರು. ನೆತ್ತಿಯ ಮೇಲೆ ಬಿಸಿಲಿನ ಅಂಚು ಕೆಳಗಿಳಿಯುತ್ತ ಬರುತ್ತಿತ್ತು. ಈ ಬದಿಯಲ್ಲಿ ಉಳಿದವರು ಶಿಯಿಂಗ್ ಮತ್ತು ಜಿನ್‌ಗ್ವೇ. ಶಿಯಿಂಗ್ ಸೀಳಿನ ನಡುವೆ ಹೋದಾಗ ಅವಳ ಕಾಲಿನ ಕೆಳಗಿನ ಹಿಮ ಕಳಚಿತು. ಸೊಂಟದವರೆಗೆ ಹೂತು ಒಂದು ಮಾರು ಕೆಳಗೆ ಜಾರಿ ನಿಂತಳು. ಬೆನ್ನ ಪೆಟ್ಟಿಗೆ ಅವಳನ್ನು ಹಿಂದಕ್ಕೆಳೆಯುತ್ತಿತ್ತು.

ಜಿನ್‌ಗ್ವೇ ಕಾಯದೆ ಕಾಲಿಟ್ಟಳು. ಬೆನ್ನ ಮೇಲೆ ವೂಶಾನ್. ಅವನಿಗೆ ಏನೂ ಕಾಣದು, ಆದರೆ ಹಿಮ ಕಳಚಿದ ಸದ್ದನ್ನು ಕೇಳಿದ್ದ. ಅವಳು ಶಿಯಿಂಗಳ ನೇರಕ್ಕೆ ಬಂದು ಒಂದು ಮೊಣಕಾಲೂರಿ ಕೈ ಚಾಚಿದಳು. ಕೈ ಎಟುಕಲಿಲ್ಲ.

"ಪಟ್ಟಿ ಬಿಚ್ಚು, ಪೆಟ್ಟಿಗೆ ಹೋಗ್ಲಿ," ಎಂದಳು ಪಿಸುಮಾತಿನಲ್ಲಿ.

ಶಿಯಿಂಗ್ ತಲೆಯಾಡಿಸಿದಳು. "ಇದರಲ್ಲಿ ಗಾಯದ ಪುಡಿ ಇದೆ. ಬಿಡಲ್ಲ."

ಆಗ ಜಿನ್‌ಗ್ವೇಯ ಭುಜದ ಪಕ್ಕದಿಂದ ಬಂದೂಕಿನ ಹಿಡಿ ಇಳಿದು ಬಂತು. ವೂಶಾನ್ ಬುಟ್ಟಿಯಲ್ಲೇ ಹೊರಳಿ, ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಪಿಸುಮಾತು ಬಂದ ಕಡೆಗೆ ಹಿಡಿಯನ್ನು ಚಾಚಿದ್ದ. ಶಿಯಿಂಗ್ ಅದನ್ನು ಅಪ್ಪಿಕೊಂಡಳು. ಕೆಳಗಿನವಳ ಭಾರ, ಬೆನ್ನಮೇಲಿನವನ ಭಾರ, ಎರಡೂ ಜಿನ್‌ಗ್ವೇಯ ಎರಡು ಕಾಲಿನ ಮೇಲೆ ಬಿತ್ತು. ಹಣೆಯ ಪಟ್ಟಿ ಕುತ್ತಿಗೆಯನ್ನು ಮುರಿಯುವಂತೆ ಹಿಂದಕ್ಕೆಳೆಯಿತು. ಅವಳು ಹಲ್ಲು ಕಚ್ಚಿ, ಒಂದು ಅಂಗುಲ, ಇನ್ನೊಂದು ಅಂಗುಲ ಎಂಬಂತೆ ಎದ್ದಳು. ಶಿಯಿಂಗ್ ಮೇಲೆ ಬಂದಳು, ಪೆಟ್ಟಿಗೆಯ ಸಮೇತ.

ಆಚೆ ಬದಿಯ ಬಂಡೆಯನ್ನು ಅವರು ಮುಟ್ಟಿ ಸ್ವಲ್ಪ ಹೊತ್ತಿಗೇ ಬಿಸಿಲು ಸೀಳಿಗೆ ಇಳಿಯಿತು. ಹಿಮ ಮೊದಲು ಪಿಸುಗುಟ್ಟಿತು, ಆಮೇಲೆ ಗುಡುಗಿತು. ಅವರು ಬಂದ ದಾರಿ ಪೂರ್ತಿಯಾಗಿ ಕಣಿವೆಗೆ ಸುರಿದುಹೋಯಿತು. ಹಿಮದ ಧೂಳು ಎಲ್ಲರ ಮುಖಕ್ಕೆ ಬಂದು ಬಡಿಯಿತು. ಅದು ಅಡಗಿದ ಮೇಲೆ ನೋಡಿದರೆ ಎಲ್ಲರೂ ಇದ್ದರು, ಎಲ್ಲ ಹೊರೆಯೂ ಇತ್ತು.

"ಜಿನ್‌ಗ್ವೇ," ಎಂದ ವೂಶಾನ್.

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿ ಎಷ್ಟೋ ವರ್ಷಗಳಾಗಿದ್ದವು. "ಏನು ಭಾವ?"

"ನಮ್ಮ ಹೇರಿನ ಮುಂದೆ ಕಂಚಿನ ಜಾಗಟೆ ಹೊಡೀತಾ ಹೋಗ್ತೀವಿ. ಇಕ್ಕಟ್ಟಿನ ದಾರಿಯಲ್ಲಿ ಎದುರು ಬರೋರು ಜಾಗ ಬಿಡ್ಲಿ ಅಂತ. ಅದು ನನ್ನ ಚೀಲದಲ್ಲಿದೆ. ಯಾರಾದ್ರೂ ಮುಂದೆ ಹೋಗಿ ಹೊಡೀರಿ."

"ಮುಂದೆ ಹೋಗೋರೆಲ್ಲ ಹೆಂಗಸರೇ, ಭಾವ."

"ಗೊತ್ತು ಕಣೆ," ಎಂದ ವೂಶಾನ್ ಸಿಡುಕಿನಿಂದ. "ನಂಗೆ ಕಣ್ಣು ಹೋಗಿರೋದು, ಬುದ್ಧಿ ಅಲ್ಲ. ಹೊಡೀರಿ ಅಂದೆ."

ಶಿಯಿಂಗ್ ಜಾಗಟೆಯನ್ನು ತೆಗೆದುಕೊಂಡಳು. ಒದ್ದೆ ಮೈಯಲ್ಲಿ ನಡುಗುತ್ತಲೇ ಮುಂದೆ ಹೋಗಿ ಬಾರಿಸಿದಳು. ಸದ್ದು ಬಂಡೆಯಿಂದ ಬಂಡೆಗೆ ಹಾರಿ, ಪೈನ್ ಕಾಡು ದಾಟಿ, ನದಿಯವರೆಗೂ ಇಳಿಯಿತು. ಕೆಳಗೆ ಊರಿನಲ್ಲಿ ಗೆಲೆಕ್ ಹಾಸಿಗೆಯಿಂದ ಎದ್ದು, "ಬಂದ್ರು, ನಮ್ಮ ಜಾಗಟೆ," ಎಂದು ಅತ್ತನಂತೆ. ಅತ್ತೆ ಅವನಿಗೆ ಬೈದು, ದೊಡ್ಡ ಕಡಾಯಿಯನ್ನು ಒಲೆಗೇರಿಸಿದಳು.

ಊರಿನಲ್ಲಿ ಒಂದು ದಿನ ಉಂಡು ಮಲಗಿದರು, ಅಷ್ಟೆ. ಹೊರೆಯನ್ನು ಮುಂದಕ್ಕೆ ಒಯ್ಯುವ ಪ್ರಾಣಿಗಳು ಯಾವ ಊರಿನಲ್ಲೂ ಇಲ್ಲವೆಂದು ತಿಳಿದ ಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಪಟ್ಟಿಗಳನ್ನು ಮತ್ತೆ ಹಣೆಗೇರಿಸಿದರು. ನದಿಯ ದಂಡೆ ಹಿಡಿದು ಲಿಜಿಯಾಂಗಿನ ದಾರಿ ಸಲೀಸು, ಆದರೆ ಉದ್ದ. ದಾರಿಯ ಊರುಗಳಲ್ಲಿ ಜಾಗಟೆ ಕೇಳಿ ಜನ ಬಾಗಿಲಿಗೆ ಬರುತ್ತಿದ್ದರು. ಹೇಸರಗತ್ತೆಗಳನ್ನು ನಿರೀಕ್ಷಿಸಿದ್ದವರಿಗೆ ಹೆಂಗಸರ ಸಾಲು ಕಾಣುತ್ತಿತ್ತು. ಮೊದಮೊದಲು ಬೆರಗು, ಆಮೇಲೆ ಯಾರೋ ಒಬ್ಬಳು ಸೌಟು ಬಿಸಾಕಿ, "ನಿನ್ನದು ಇಲ್ಲಿ ಕೊಡು, ಮುಂದಿನ ಊರಿನ ತನಕ ನಾನು ಹೊರ್ತೀನಿ," ಎಂದು ಬರುವಳು. ಹೀಗೆ ಹೊರೆ ಬೆನ್ನಿಂದ ಬೆನ್ನಿಗೆ ಹೋಯಿತು. ಊಟಕ್ಕೆ ಎಲ್ಲಿಯೂ ತೊಂದರೆಯಾಗಲಿಲ್ಲ.

ಲಿಜಿಯಾಂಗಿನ ಚೌಕಕ್ಕೆ ಅವರು ಕಾಲಿಟ್ಟದ್ದು ಸಂತೆಯ ದಿನ. ಜಾಗಟೆ ಬಾರಿಸುತ್ತಿದ್ದವಳು ಶಿಯಿಂಗ್, ಹಿಂದೆ ಜಿನ್‌ಗ್ವೇ. ಮಾರುವವರು, ಕೊಳ್ಳುವವರು ಎರಡು ಬದಿಗೆ ಸರಿದು ದಾರಿ ಬಿಟ್ಟರು. ಸಾಲಿನ ಕೊನೆಯಲ್ಲಿ, ಇಬ್ಬರು ಹೊತ್ತ ಡೋಲಿಯಲ್ಲಿ ವೂಶಾನ್ ಕೂತಿದ್ದ. ಕಣ್ಣಿನ ಬಟ್ಟೆ ತೆಗೆದಿತ್ತು, ಕಣ್ಣು ಇನ್ನೂ ಕೆಂಪಾಗಿತ್ತು. ಪರಿಚಯದ ಹೇರಿನವನೊಬ್ಬ ಹೋಟೆಲಿನ ಬಾಗಿಲಿಂದ ಕೂಗಿದ, "ಏನಪ್ಪಾ ವೂಶಾನ್, ಹೇಸರಗತ್ತೆ ಮಾರಿ ಹೆಂಗಸರನ್ನ ಕಟ್ಕೊಂಡ್ಯಾ?"

"ಮುಚ್ಚೋ ಬಾಯಿ," ಎಂದ ವೂಶಾನ್. "ಬಿಳಿಕುದುರೆ ಘಟ್ಟದಲ್ಲಿ ನಿನ್ನ ಹೇಸರಗತ್ತೆ ನಾಲ್ಕು ದಿನ ನಿಲ್ಲುತ್ತಾ? ನಿಂತ್ರೆ ಬಾ, ಮಾತಾಡೋಣ." ಜನ ಕೋ ಎಂದು ಕೂಗಿ ನಕ್ಕರು. ಆ ಹೇರಿನವನೂ ನಕ್ಕು ಹೂಜಿ ತುಂಬ ಮದ್ಯ ತಂದು ಮೊದಲ ಬಟ್ಟಲನ್ನು ಜಿನ್‌ಗ್ವೇಗೆ ಕೊಟ್ಟ.

ಪೆಟ್ಟಿಗೆಗಳನ್ನು ವಹಿಸಿಕೊಳ್ಳಲು ಬಂದಿದ್ದ ಸೈನ್ಯದ ವೈದ್ಯನ ಹೆಸರು ತಾಂಗ್. ದೂರದ ಸಮುದ್ರತೀರದ ಕಡೆಯವನು, ಎಳೆಯ ವಯಸ್ಸು, ನಿದ್ದೆಯಿಲ್ಲದ ಮುಖ. ಮೊದಲ ಪೆಟ್ಟಿಗೆಯನ್ನು ಬಿಚ್ಚಿ ನೋಡಿದ. ಒಂದು ಸೀಸೆಯೂ ಒಡೆದಿರಲಿಲ್ಲ. ಎರಡನೆಯದನ್ನು ಬಿಚ್ಚಿದ. ಆಮೇಲೆ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡು ತಲೆ ಬಗ್ಗಿಸಿದ.

"ಇದು ಬರಲ್ಲ ಅಂತ ನಮಗೆ ಹೇಳಿಬಿಟ್ಟಿದ್ರು," ಎಂದ. "ಘಟ್ಟದಲ್ಲಿ ಹೋಯ್ತು ಅಂತ."

"ಜ್ವರದ ಮಾತ್ರೆ ಯಾವುದರಲ್ಲಿದೆ ಡಾಕ್ಟರೇ?" ಎಂದಳು ಜಿನ್‌ಗ್ವೇ.

ಅವನು ತೋರಿಸಿದ. ನದಿಯಾಚೆಯ ಊರಿನ ಹುಡುಗಿಯೊಬ್ಬಳು ಹೊತ್ತು ತಂದ ಪೆಟ್ಟಿಗೆ ಅದು. "ನಾಳೆ ಬೆಳಗ್ಗೆ ನೂ ನದಿಗೆ ಹೊರಡುತ್ತೆ. ನಿಮ್ಮವರು ಯಾರಾದ್ರೂ ಇದಾರಾ ಅಲ್ಲಿ?"

"ಎಲ್ಲರೂ ನಮ್ಮವರೇ," ಎಂದಳು ಜಿನ್‌ಗ್ವೇ. ಮುಖ ತೊಳೆಯುವ ನೆವದಲ್ಲಿ ಕಾಲುವೆಯ ಕಡೆಗೆ ನಡೆದಳು. ಹಿಮದ ಬೆಟ್ಟದಿಂದ ಇಳಿದು ಬಂದ ನೀರು ಅದು, ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎರಡು ಬೊಗಸೆ ಮುಖಕ್ಕೆ ಎರಚಿಕೊಂಡಳು. ಹಿಂದೆ ಚೌಕದಲ್ಲಿ ಯಾರೋ ಕೊಳಲು ಶುರುಮಾಡಿದ್ದರು. ಹೆಂಗಸರು ಒಬ್ಬರ ತೋಳೊಳಗೆ ಒಬ್ಬರು ತೋಳು ಸೇರಿಸಿ ಸುತ್ತು ಕಟ್ಟುತ್ತಿದ್ದರು. ಪೇಟೆಯ ಅಂಗಡಿ ಹೆಂಗಸರೂ ಬಾಗಿಲು ಹಾಕಿ ಬಂದು ಸೇರಿಕೊಂಡರು. ಶಿಯಿಂಗ್ ಕೂಗಿ ಕರೆದಳು. ಜಿನ್‌ಗ್ವೇ ಒದ್ದೆ ಮುಖದಲ್ಲೇ ಓಡಿಹೋಗಿ ಸುತ್ತಿನೊಳಗೆ ತೂರಿಕೊಂಡಳು. ಅಷ್ಟು ದಿನ ಭಾರ ಹೊತ್ತ ಕಾಲುಗಳು ನೆಲಕ್ಕೆ ಸರಿಯಾಗಿ ಊರುತ್ತಲೇ ಇರಲಿಲ್ಲ, ಅಷ್ಟು ಹಗುರಾಗಿದ್ದವು.

ಆ ಬೇಸಿಗೆಯಿಂದ ಬಿಳಿಕುದುರೆ ಘಟ್ಟದ ಈಚೆಯ ಹೇರು ಹೆಂಗಸರದ್ದಾಯಿತು. ಆಚೆಯಿಂದ ಬಂದ ತಂಡಗಳು ಕುರುಬರ ಗುಡಿಸಲಿಗೆ ಹೇರು ಇಳಿಸಿ ಹಿಂದಿರುಗುತ್ತಿದ್ದವು. ಅಲ್ಲಿಂದ ಇವರು ತರುತ್ತಿದ್ದರು. ನೋರ್ಜೋಮ್ ಚಮರಿಗಳ ಜೊತೆ ಮುಂದೆ. ಕಾಲು ಕೂಡಿಕೊಂಡ ಮೇಲೂ ಕುಂಟು ಉಳಿದ ವೂಶಾನ್ ಊರಿನಲ್ಲೇ ಕೂತು ಹೊರೆಯ ಪಟ್ಟಿ ಹೆಣೆದ, ಪಾದಕ್ಕೆ ಹುಲ್ಲಿನ ಜೋಡು ಹೊಲಿದ, ಬರುವ ಹೋಗುವ ತಂಡಗಳ ಜೊತೆ ಜಗಳವಾಡಿದ. ಜಿನ್‌ಗ್ವೇ ಸರಿಯಾಗಿ ಕಟ್ಟಿಲ್ಲವೆಂದು ಅವನು ಅವಳಿಗೇ ನೇರವಾಗಿ ಬೈಯುತ್ತಿದ್ದ. ಅವಳೂ ನೇರವಾಗಿಯೇ ಉತ್ತರ ಕೊಡುತ್ತಿದ್ದಳು. ಅತ್ತೆಗೆ ಇವರಿಬ್ಬರ ನಡುವೆ ಮಾತು ಹೊರುವ ಕೆಲಸ ತಪ್ಪಿತು.

ಮಾರನೆಯ ವರ್ಷ ಈ ದಡದ ಸೈನ್ಯ ನೂ ನದಿಯನ್ನು ದಾಟಿತು. ಆಚೆ ದಡದ ಬೆಟ್ಟಗಳನ್ನು ಒಂದೊಂದಾಗಿ ಹಿಡಿಯಿತು. ಮೋಟಾರು ರಸ್ತೆ ಮತ್ತೆ ತೆರೆಯಿತು ಎಂಬ ಸುದ್ದಿ ಬಂದ ಕೆಲವು ವಾರಗಳಿಗೆ, ಒಂದು ಮಧ್ಯಾಹ್ನ, ಅಕ್ರೋಟು ಮರದ ಕೆಳಗಿಂದ ಒಬ್ಬ ಬಡಕಲು ಸಿಪಾಯಿ ನಡೆದು ಬಂದ. ಬಾಗಿಲಲ್ಲಿ ನಿಂತು ತಲೆಯ ಟೋಪಿ ತೆಗೆದ. ಮುಖ ಹಳದಿಯಾಗಿತ್ತು, ಆದರೆ ನೆಟ್ಟಗೆ ನಿಂತಿದ್ದ. ಅತ್ತೆ ಒಲೆಯ ಮುಂದಿಂದ ತಿರುಗಿ ನೋಡಿದಳು. ನೋಡುತ್ತಲೇ ಇದ್ದಳು.

"ಅಮ್ಮ," ಎಂದ ಲೀಬೆನ್. ಒಳಗೆಲ್ಲ ಕಣ್ಣಾಡಿಸಿದ. "ಜಿನ್‌ಗ್ವೇ ಎಲ್ಲಿ?"

ಅತ್ತೆ ಎದ್ದು ಬಂದು ಅವನ ಎರಡೂ ಕೆನ್ನೆಯನ್ನು ಹಿಡಿದು ನೋಡಿದಳು, ಕಿವಿಯನ್ನು ಮುಟ್ಟಿ ನೋಡಿದಳು, ತೋಳನ್ನು ಒತ್ತಿ ನೋಡಿದಳು. ಆಮೇಲೆ ಅಕ್ಕಿಯ ಮೊರವನ್ನು ಅವನ ಕೈಗೆ ಕೊಟ್ಟಳು.

"ಘಟ್ಟದ ಮೇಲಿದಾಳೆ, ಹೇರು ತರೋಕೆ ಹೋಗಿದಾಳೆ. ಬರೋದು ನಾಳೆಯೋ ನಾಡಿದ್ದೋ," ಎಂದಳು. "ಅಷ್ಟು ಹೊತ್ತು ಸುಮ್ಮನೆ ಯಾಕೆ ಕೂರ್ತೀಯ, ಅಕ್ಕಿ ಆರಿಸು. ಅವರು ನಲವತ್ತು ಜನ ಹಸಿದು ಬರ್ತಾರೆ."

ಲೀಬೆನ್ ಹೊಸಿಲ ಮೇಲೆ ಕೂತ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಘಟ್ಟದ ಕಡೆಗೆ ಮುಖ ಮಾಡಿ, ಅಕ್ಕಿ ಆರಿಸತೊಡಗಿದ.